ಫಿಟ್ಸ್ ಇರುವ ಮಕ್ಕಳಿಗೆ ಮಾತ್ರೆಯ ಜೊತೆ ಒಂದು ಶಿಬಿರವನ್ನೂ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ ಸಾರ್. ಮೂರ್ಛೆ ರೋಗ ಇರುವ ಮಕ್ಕಳು, ಅವರ ಅಪ್ಪ ಅಮ್ಮ, ಅಣ್ಣ ತಂಗಿಯರು, ಮನೆಯಲ್ಲಿ ಅಜ್ಜಿ ಇದ್ದರೆ ಅಜ್ಜಿಯೂ ಸೇರಿ, ಎಲ್ಲರೂ ಒಟ್ಟಿಗೆ ಎರಡು ರಾತ್ರಿ ಉಳಿದುಕೊಳ್ಳುವಂಥ ಒಂದು ಶಿಬಿರವನ್ನು ಪ್ರತಿ ಜಿಲ್ಲೆಯಲ್ಲೂ ವರ್ಷಕ್ಕೊಮ್ಮೆ ಮಾಡಿ. ಬೇಸಿಗೆ ರಜೆಯಲ್ಲಿ ಮಾಡಿ. ದೊಡ್ಡ ಆಸ್ಪತ್ರೆ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಹೊಸ ಕಟ್ಟಡವೇ ಬೇಡ. ಬೇಕಾದ್ದೆಲ್ಲ ಸರ್ಕಾರದ ಹತ್ತಿರ ಈಗಾಗಲೇ ಇದೆ, ಯಾರಾದರೂ ಕೂತು ಅದನ್ನೆಲ್ಲ ಒಂದು ಕಡೆ ಸೇರಿಸಬೇಕು ಅಷ್ಟೇ.

ನಾನು ತಿಪಟೂರಿನವಳು. ನನ್ನ ಮಗಳಿಗೆ ಈಗ ಹನ್ನೊಂದು ವರ್ಷ. ಮೂರು ವರ್ಷದವಳಿದ್ದಾಗಿನಿಂದ ಅವಳಿಗೆ ಫಿಟ್ಸ್ ಇದೆ. ಬೆಳಿಗ್ಗೆ ರಾತ್ರಿ ತಪ್ಪದೆ ಮಾತ್ರೆ ತಗೊಳ್ಳುತ್ತಾಳೆ. ಬಹಳ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಜ್ವರ ಬಂದಾಗ, ಮದುವೆ ಮನೆಗೆ ಹೋಗಿ ನಿದ್ದೆಗೆಟ್ಟಾಗ ಬಂದುಬಿಡುತ್ತದೆ. ಔಷಧಿ ಸಿಗುತ್ತಿಲ್ಲ, ಡಾಕ್ಟರ್ ಸರಿಯಾಗಿ ನೋಡುತ್ತಿಲ್ಲ ಅನ್ನುವ ದೂರು ನನ್ನದಲ್ಲ. ಅವಳನ್ನು ನೋಡುವ ಡಾಕ್ಟರು ಒಳ್ಳೆಯವರು. ನನ್ನ ಮಾತು ಬೇರೆ.

ಈ ಕಾಯಿಲೆಯ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ನಿಮ್ಹಾನ್ಸ್‌ನವರು ದಶಕಗಳಿಂದ ಗೌರಿಬಿದನೂರಿಗೆ ಹೋಗಿ ಕ್ಯಾಂಪ್ ಮಾಡುತ್ತಾ ಬಂದಿದ್ದಾರೆ. ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಅವರ ತಂಡ ಹಳ್ಳಿ ಹಳ್ಳಿ ಹುಡುಕಿ, ಫಿನೋಬಾರ್ಬಿಟೋನ್, ಫೆನಿಟಾಯಿನ್ ಥರದ ಕಡಿಮೆ ಬೆಲೆಯ ಮಾತ್ರೆಯಲ್ಲೇ ಹಳ್ಳಿಯ ಜನರ ಫಿಟ್ಸ್ ಹತೋಟಿಗೆ ತರಬಹುದು ಅಂತ ಮಾಡಿ ತೋರಿಸಿದರು. ಡಾ. ಗೌರಿದೇವಿ ಅವರ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಲಕ್ಷಕ್ಕೂ ಮೀರಿ ಜನರನ್ನು ಸಮೀಕ್ಷೆ ಮಾಡಿದಾಗ ಸಾವಿರಕ್ಕೆ ಸುಮಾರು 9 ಮಂದಿಗೆ ಈ ಕಾಯಿಲೆ ಇರುವುದು ಗೊತ್ತಾಯಿತು, ಹಳ್ಳಿಗಳಲ್ಲಂತೂ ಸಾವಿರಕ್ಕೆ 12ರ ಹತ್ತಿರ, ಪೇಟೆಗಿಂತ ಎರಡು ಪಟ್ಟು. 2022ರಲ್ಲಿ ನಿಮ್ಮ ಇಲಾಖೆಯೇ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿತು. ತಲೆನೋವು, ಪಾರ್ಶ್ವವಾಯು, ಮರೆವಿನ ಕಾಯಿಲೆಯ ಜೊತೆ ಮೂರ್ಛೆ ರೋಗವೂ ಅದರಲ್ಲಿದೆ. ಇದೆಲ್ಲ ನಮಗೆ ಗೊತ್ತು, ಇದಕ್ಕೆಲ್ಲ ನಾವು ಋಣಿಗಳು.

ಆದರೆ ಕ್ಯಾಂಪ್ ಅಂದರೆ ನಮ್ಮಲ್ಲಿ ಏನು? ಬೆಳಿಗ್ಗೆ ಬಸ್ ಹತ್ತಿ ಹೋಗುವುದು, ಸಾಲಿನಲ್ಲಿ ಕೂರುವುದು. ಒಳಗೆ ಕರೆದಾಗ ಹೋದ ತಿಂಗಳು ಎಷ್ಟು ಸಲ ಬಂತು, ಮಾತ್ರೆ ಏನಾದರೂ ಬಿಟ್ಟಿದ್ದೀರಾ ಅಂತ ಕೇಳುತ್ತಾರೆ, ತೂಕ ನೋಡುತ್ತಾರೆ, ಚೀಟಿ ಬರೆಯುತ್ತಾರೆ. ಹೊರಗೆ ಇನ್ನೂ ನೂರು ಜನ ಕಾಯುತ್ತಿರುತ್ತಾರೆ, ಡಾಕ್ಟರಾದರೂ ಏನು ಮಾಡಿಯಾರು. ಮಾತ್ರೆ ತಗೊಂಡು ಮನೆಗೆ ಬರುತ್ತೇವೆ. ಹಾಗೆ ಹೋಗಿ ಬರುವವಳು ಹೆಚ್ಚಿನ ಮನೆಗಳಲ್ಲಿ ಅಮ್ಮ ಒಬ್ಬಳೇ. ಅಪ್ಪನಿಗೆ ಕೂಲಿ ತಪ್ಪುತ್ತದೆ, ಅಜ್ಜಿಗೆ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ, ಅಣ್ಣನಿಗೆ ಶಾಲೆ ಇರುತ್ತದೆ. ಡಾಕ್ಟರ್ ಹೇಳಿದ್ದೆಲ್ಲ ಅಮ್ಮನ ಒಬ್ಬಳ ತಲೆಯಲ್ಲಿ ಉಳಿಯುತ್ತದೆ. ಫಿಟ್ಸ್ ಮಾತ್ರ ಅಮ್ಮ ಪಕ್ಕದಲ್ಲಿ ಇರುವ ಹೊತ್ತು ನೋಡಿಕೊಂಡು ಬರುವುದಿಲ್ಲ.

ಇದರಿಂದ ಏನಾಗುತ್ತದೆ ಗೊತ್ತಾ ಸಾರ್? ಗೊತ್ತಿರುವವಳು ಅವಳೊಬ್ಬಳೇ ಆದ್ದರಿಂದ ಅವಳು ಮಗುವನ್ನು ಬಿಟ್ಟು ಎಲ್ಲೂ ಹೋಗುವ ಹಾಗಿಲ್ಲ. ಕೆಲಸ ಬಿಡುತ್ತಾಳೆ. ತವರಿಗೆ ಹೋಗುವುದು ಬಿಡುತ್ತಾಳೆ. ರಾತ್ರಿ ಮಂಚ ಸ್ವಲ್ಪ ಅಲುಗಾಡಿದರೂ ಎದ್ದು ಕೂರುತ್ತಾಳೆ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ವರ್ಷಗಟ್ಟಲೆ ಬದುಕುತ್ತಾಳೆ. ಮನೆಯಲ್ಲಿ ಇನ್ನೂ ಮೂರು ಜನಕ್ಕೆ ಇದು ಸರಿಯಾಗಿ ಗೊತ್ತಿದ್ದರೆ ಆ ಹೆಣ್ಣುಮಗಳು ವಾರಕ್ಕೊಂದು ರಾತ್ರಿಯಾದರೂ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ನಾನು ಮನೆಮಂದಿಯ ಶಿಬಿರ ಕೇಳುತ್ತಿರುವುದು ಮುಖ್ಯವಾಗಿ ಇದಕ್ಕೇ.

ಮಗು ಬಿದ್ದಾಗ ನಮ್ಮ ಕಡೆ ಮೊದಲು ಓಡುವುದು ಬೀಗದ ಕೈ ತರಲಿಕ್ಕೆ. ಇಲ್ಲದಿದ್ದರೆ ಈರುಳ್ಳಿ ಮೂಸಿಸುತ್ತಾರೆ, ಚಪ್ಪಲಿ ಹಿಡಿಯುತ್ತಾರೆ. ಹಲ್ಲಿನ ನಡುವೆ ಚಮಚ ತುರುಕುತ್ತಾರೆ, ಹಲ್ಲು ಮುರಿದದ್ದೂ ಇದೆ. ಕೈಕಾಲು ಅದುಮಿ ಹಿಡಿಯುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ, ಅವರ ಅಪ್ಪ ಅಮ್ಮ ಮಾಡಿದ್ದನ್ನು ನೋಡಿ ಮಾಡುತ್ತಾರೆ. ಮಾಡಬೇಕಾದ್ದು ಎಷ್ಟು ಸುಲಭ ಅಂದರೆ ನಂಬುವುದೇ ಕಷ್ಟ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ತಲೆ ಕೆಳಗೆ ಮೆತ್ತಗಿರುವುದು ಏನಾದರೂ ಇಡಬೇಕು, ಸುತ್ತ ಇರುವ ಗಟ್ಟಿ ವಸ್ತು ಸರಿಸಬೇಕು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡುತ್ತಿರಬೇಕು. ಹೆಚ್ಚಿನವು ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತವೆ. 5 ನಿಮಿಷ ದಾಟಿದರೆ ಡಾಕ್ಟರ್ ಬರೆದುಕೊಟ್ಟಿರುವ ಮಿಡಾಜೋಲಮ್ ಸ್ಪ್ರೇಯನ್ನು ಮೂಗಿಗೆ ಹೊಡೆದು 108ಕ್ಕೆ ಫೋನ್ ಮಾಡಬೇಕು.

ಇದನ್ನು ಗೋಡೆ ಮೇಲೆ ಪೋಸ್ಟರ್ ಅಂಟಿಸಿ ಕಲಿಸಲಿಕ್ಕೆ ಆಗುವುದಿಲ್ಲ. ಆ ಎರಡು ನಿಮಿಷ ಅನ್ನುವುದು ನೋಡುತ್ತಿರುವವರಿಗೆ ಅರ್ಧ ಗಂಟೆ. ನನ್ನ ಗಂಡನಿಗೆ ಮೊದಮೊದಲು ಕೈಕಾಲೇ ಆಡುತ್ತಿರಲಿಲ್ಲ. ಒಂದು ಭಾನುವಾರ ನಾನು ಚಾಪೆ ಮೇಲೆ ಮಲಗಿ, ನನ್ನನ್ನೇ ಮಗಳು ಅಂದುಕೊಂಡು ಹೊರಳಿಸಿ ಅಂದೆ. ಮೊಣಕಾಲು ಹೇಗೆ ಮಡಿಸಬೇಕು, ಕೆನ್ನೆ ಕೆಳಗೆ ಕೈ ಎಲ್ಲಿ ಇಡಬೇಕು, ಅಂಗಿಯ ಕತ್ತಿನ ಗುಂಡಿ ಯಾವಾಗ ಬಿಚ್ಚಬೇಕು, ಎಲ್ಲ ಮಾಡಿಸಿದೆ. ಮತ್ತೆ ಮತ್ತೆ ಮಾಡಿಸಿದೆ. ಆಮೇಲೆ ಅವಳಿಗೆ ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಇವರು ಅವಳನ್ನು ಮಗ್ಗುಲು ಮಾಡಿ, ಫೋನಿನಲ್ಲಿ ಟೈಮ್ ನೋಡುತ್ತಾ ಕೂತಿದ್ದರು. ಒಂದು ನಿಮಿಷ ನಲವತ್ತು ಸೆಕೆಂಡ್ ಅಂದರು. ಕೈಯಲ್ಲಿ ಮಾಡಿ ಕಲಿತದ್ದು ಹಾಗೆ ಉಳಿಯುತ್ತದೆ. ಶಿಬಿರದಲ್ಲಿ ಅಪ್ಪಂದಿರು, ಅಜ್ಜಿಯರು ಇದನ್ನು ಚಾಪೆ ಮೇಲೆ ಮಾಡಿ ಕಲಿಯಲಿ.

ಸ್ನಾನದ ವಿಷಯವನ್ನೂ ಹೇಳಲೇಬೇಕು, ಏಕೆಂದರೆ ಇದು ನಮ್ಮದೇ ನೆಲದ ಸಮಸ್ಯೆ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಫಿಟ್ಸ್ ಪ್ರಪಂಚದ ಬೇರೆ ಕಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಜೊತೆಯವರು ಇದರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನಮ್ಮ ಮನೆಗಳಲ್ಲಿ ಎಣ್ಣೆ ಹಚ್ಚಿ, ಹಂಡೆಯಲ್ಲಿ ಕಾಯಿಸಿದ ಸುಡುನೀರನ್ನು ಚೊಂಬು ಚೊಂಬಾಗಿ ಬಿಡದೆ ನೆತ್ತಿ ಮೇಲೆ ಹೊಯ್ಯುವುದು ಪ್ರೀತಿಯ ಕೆಲಸ. ಅಜ್ಜಿ ಹೊಯ್ದರೆ ಇನ್ನೂ ಬಿಸಿ. ಈ ಥರದ ಫಿಟ್ಸ್ ಇರುವ ಮಗುವಿಗೆ ನೀರು ಉಗುರು ಬೆಚ್ಚಗಿರಬೇಕು, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಆಗುತ್ತದೆ, ಕೆಲವು ಮಕ್ಕಳಿಗೆ ಸ್ನಾನಕ್ಕೆ ಮುಂಚೆ ಕೊಡಲು ಡಾಕ್ಟರ್ ಕ್ಲೋಬಜಾಮ್ ಬರೆದುಕೊಡುತ್ತಾರೆ. ಯಾವ ಫಿಟ್ಸ್ ಇರುವ ಮಗುವಾದರೂ ಬಚ್ಚಲಿನ ಚಿಲಕ ಒಳಗಿನಿಂದ ಹಾಕಿಕೊಳ್ಳಬಾರದು. ಈ ಮಾತನ್ನು ಸೊಸೆ ಹೇಳಿದರೆ ಅತ್ತೆ ಕೇಳುತ್ತಾರಾ? ಅದನ್ನೇ ಶಿಬಿರದಲ್ಲಿ ಡಾಕ್ಟರಮ್ಮ ಪಕ್ಕದಲ್ಲಿ ಕೂತು ಹೇಳಿದರೆ, ಇನ್ನೊಂದು ಊರಿನ ಅಜ್ಜಿ ಹೌದು ಕಣಮ್ಮ ನಮ್ಮ ಮೊಮ್ಮಗನಿಗೂ ಹಿಂಗೇ ಆಗ್ತಿತ್ತು ಅಂದರೆ, ಖಂಡಿತ ಕೇಳುತ್ತಾರೆ.

ಇನ್ನು ಮಕ್ಕಳ ಮಾತು. ನನ್ನ ಮಗಳ ಶಾಲೆಯವರು ಹೋದ ವರ್ಷ ಮಕ್ಕಳನ್ನೆಲ್ಲ ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋದರು. ಇವಳನ್ನು ಕರೆದುಕೊಂಡು ಹೋಗಲಿಲ್ಲ. ದಾರಿಯಲ್ಲಿ ಏನಾದರೂ ಆದರೆ ಜವಾಬ್ದಾರಿ ಯಾರದು ಅಂತ ಕೇಳಿದರು. ನಾನೂ ಜೊತೆಗೆ ಬರುತ್ತೇನೆ, ನನ್ನ ಬಸ್ ಖರ್ಚು ನಾನೇ ಕೊಡುತ್ತೇನೆ ಅಂದೆ, ಒಪ್ಪಲಿಲ್ಲ. ಮಾರನೇ ದಿನ ತರಗತಿಯಲ್ಲಿ ಪ್ರವಾಸದ ಬಗ್ಗೆ ಪ್ರಬಂಧ ಬರೆಸಿದರು. ಇವಳು ಏನು ಬರೆಯಬೇಕಿತ್ತು? ಇಂಥ ಮಕ್ಕಳು ನಮ್ಮ ರಾಜ್ಯದಲ್ಲಿ ಸಾವಿರಾರು ಇದ್ದಾರೆ. ಈಜಿಗೆ ಬೇಡ, ಮರ ಹತ್ತಬೇಡ, ಸೈಕಲ್ ಬೇಡ, ಓಟಕ್ಕೆ ಬೇಡ, ರಾತ್ರಿ ನಾಟಕಕ್ಕೆ ಬೇಡ ಅನ್ನಿಸಿಕೊಂಡೇ ದೊಡ್ಡವರಾಗುತ್ತಾರೆ. ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥ ಬೇಸಿಗೆ ಶಿಬಿರಕ್ಕೆ ಪಕ್ಕದ ಮನೆ ಮಕ್ಕಳು ಹೋಗಿ ಹಾಡು ಕಲಿತು ಬಂದು ಹಾಡುವಾಗ ಇವರು ಕಿಟಕಿಯಲ್ಲಿ ನಿಂತು ಕೇಳುತ್ತಾರೆ.

ಈ ಬೇಡಗಳಲ್ಲಿ ಎಷ್ಟೋ ಬೇಕಿಲ್ಲದವು. ನೀರು ಮತ್ತು ಎತ್ತರ, ಇವೆರಡರ ಹತ್ತಿರ ಬಹಳ ಎಚ್ಚರ ಇರಬೇಕು, ಅದು ನಿಜ, ನೀರಿಗಿಳಿದರೆ ಒಂದು ಮಗುವಿಗೆ ಒಬ್ಬ ದೊಡ್ಡವರು ಕೈಗೆಟುಕುವಷ್ಟು ಹತ್ತಿರ ಇರಲೇಬೇಕು. ಮಿನುಗುವ ಬೆಳಕು, ಟಿವಿಯಿಂದ ಫಿಟ್ಸ್ ಬರುವುದು ಮಾತ್ರ ಈ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ. ಕಬಡ್ಡಿ, ಲಗೋರಿ, ಕೋಲಾಟ, ನಾಟಕ ಇವಕ್ಕೆ ಹೆಚ್ಚಿನ ಮಕ್ಕಳಿಗೆ ಅಡ್ಡಿಯೇ ಇಲ್ಲ. ಅಪ್ಪ ಅಮ್ಮನ ಕಣ್ಣೆದುರೇ ಮಗು ಆಡಿ, ಕೂಗಿ, ಸುಸ್ತಾಗಿ, ಉಂಡು ಮಲಗುವುದನ್ನು ನೋಡಿದರೆ ನಮ್ಮ ಹೆದರಿಕೆಯಲ್ಲಿ ಯಾವುದು ನಿಜ, ಯಾವುದು ಸುಮ್ನೆ ಬೆಳೆಸಿಕೊಂಡದ್ದು ಅಂತ ನಮಗೇ ಗೊತ್ತಾಗುತ್ತದೆ. ಇನ್ನೊಂದಿದೆ. ನನ್ನ ಮಗಳು ಬೇರೆ ಮಗುವಿಗೆ ಫಿಟ್ಸ್ ಬಂದದ್ದನ್ನು ಇವತ್ತಿನವರೆಗೂ ನೋಡಿಲ್ಲ. ತನಗೆ ಬಂದಾಗ ಅವಳಿಗೆ ಎಚ್ಚರವೇ ಇರುವುದಿಲ್ಲ, ಎದ್ದಾಗ ಕಾಣುವುದು ಗಾಬರಿಯ ಮುಖಗಳು ಮಾತ್ರ. ಇನ್ನೊಂದು ಮಗುವಿಗೆ ಬಂದು, ಸುತ್ತಲಿನವರು ಸಮಾಧಾನವಾಗಿದ್ದು, ಆ ಮಗು ಒಂದು ನಿದ್ದೆ ಮಾಡಿ ಎದ್ದು ಉಪ್ಪಿಟ್ಟು ತಿಂದು ಮತ್ತೆ ಆಟಕ್ಕೆ ಓಡುವುದನ್ನು ಅವಳು ನೋಡಬೇಕು ಅಂತ ನನಗೆ ಬಹಳ ಆಸೆ.

ಅವಳ ತಮ್ಮನಿಗೆ ಏಳು ವರ್ಷ. ಅಕ್ಕ ಬಿದ್ದರೆ ದಿಂಬು ತರುವುದು ಅವನ ಕೆಲಸ, ಯಾರೂ ಹೇಳಿಕೊಟ್ಟದ್ದಲ್ಲ. ಒಂದು ರಾತ್ರಿ ನನ್ನ ಹತ್ತಿರ ಬಂದು, ಅಮ್ಮ, ನಾನು ಅವತ್ತು ಅಕ್ಕನ ಜೊತೆ ಜಗಳ ಆಡಿದ್ದಕ್ಕೇ ಅವಳಿಗೆ ಬಂತಾ ಅಂತ ಕೇಳಿದ. ಎಷ್ಟು ದಿನದಿಂದ ಅದನ್ನು ಒಳಗೇ ಇಟ್ಟುಕೊಂಡಿದ್ದನೋ. ಈ ಒಡಹುಟ್ಟಿದವರನ್ನು ಯಾವ ಆಸ್ಪತ್ರೆಯ ಚೀಟಿಯಲ್ಲೂ ಬರೆಯುವುದಿಲ್ಲ. ಶಿಬಿರದಲ್ಲಿ ಅವರಿಗೇ ಅಂತ ಒಂದು ಹೊತ್ತು ಇಡಿ. ಕೂರಿಸಿ ಮಾತಾಡಿಸಿ, ಅವರು ಕೇಳಿದ್ದಕ್ಕೆ ನಿಜ ಹೇಳಿ.

ರಾತ್ರಿ ಉಳಿಯುವ ಶಿಬಿರವೇ ಬೇಕು ಅಂತ ಹಟ ಮಾಡುತ್ತಿರುವುದಕ್ಕೆ ಕಾರಣ ಇದೆ. ಅಮ್ಮಂದಿರು ನಿಜವಾದ ಪ್ರಶ್ನೆ ಕೇಳುವುದು ಊಟ ಆದ ಮೇಲೆ, ಮಕ್ಕಳು ಮಲಗಿದ ಮೇಲೆ. ನಿದ್ದೆಯಲ್ಲೇ ಹೋಗಿಬಿಟ್ಟರೆ ಅನ್ನುವ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ, ಒಪಿಡಿಯಲ್ಲಿ ಮಗುವಿನ ಎದುರಿಗೆ ಯಾರ ಬಾಯಿಂದಲೂ ಬರುವುದಿಲ್ಲ. ಹಾಗೆ ಆಗುವುದು ಬಹಳ ಅಪರೂಪ. ಅಮೆರಿಕದ ನರರೋಗ ತಜ್ಞರು 2017ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಈ ಕಾಯಿಲೆ ಇರುವ 4,500 ಮಕ್ಕಳಲ್ಲಿ ವರ್ಷಕ್ಕೆ ಒಂದು ಮಗುವಿಗೆ. ಮಾತ್ರೆ ತಪ್ಪಿಸದೆ ಫಿಟ್ಸ್ ಹತೋಟಿಯಲ್ಲಿಟ್ಟರೆ ಅಪಾಯ ಇನ್ನೂ ಕಡಿಮೆ. ಇದನ್ನು ತಿಳಿದವರು ನಿಧಾನವಾಗಿ ಕೂತು ಹೇಳಬೇಕು. ಹೇಳದೇ ಇದ್ದರೆ ಹೆದರಿಕೆ ಹೋಗುವುದಿಲ್ಲ, ರಾತ್ರಿಯೆಲ್ಲ ಜೊತೆಗೇ ಇರುತ್ತದೆ. ಹೆಣ್ಣುಮಕ್ಕಳು ದೊಡ್ಡವರಾಗುವ ಹೊತ್ತಿಗೆ ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಕೇಳಲೇಬೇಕು, ಬಸುರಿಯಿದ್ದಾಗ ಅದನ್ನು ತಗೊಂಡರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಬಹುದು, ಹಾಗಂತ ಕೇಳದೆ ದಿಢೀರನೆ ನಿಲ್ಲಿಸುವುದೂ ಅಪಾಯ. ಇಂಥ ಮಾತಿಗೆಲ್ಲ ಸಮಯ ಬೇಕು ಸಾರ್.

ಮದುವೆಯ ಚಿಂತೆ ಇನ್ನೊಂದು. ಎಷ್ಟೋ ಅಪ್ಪಂದಿರು ಮಗಳ ಕಾಯಿಲೆಯನ್ನು ಊರಿಗೆ ಗೊತ್ತಾಗದ ಹಾಗೆ ಮುಚ್ಚಿಡುತ್ತಾರೆ, ಶಾಲೆಗೂ ಹೇಳುವುದಿಲ್ಲ, ಆಮೇಲೆ ಶಾಲೆಯಲ್ಲಿ ಬಂದಾಗ ಟೀಚರಿಗೆ ಏನು ಮಾಡಬೇಕೋ ಗೊತ್ತಿರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಮೂರ್ಛೆ ರೋಗವನ್ನು ಹುಚ್ಚಿನ ಜೊತೆ ಸೇರಿಸಿ ಮದುವೆಗೆ ಅಡ್ಡಿ ಅಂತ ಬರೆದಿದ್ದರು, 1999ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಇದು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಗೊತ್ತಿರಬಹುದು? ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರೊಬ್ಬರು ಬಂದು ಅರ್ಧ ಗಂಟೆ ಮಾತಾಡಿದರೂ ಸಾಕು.

ಬೇರೆ ದೇಶಗಳಲ್ಲಿ ಇಂಥ ಶಿಬಿರಗಳು ಹೊಸದಲ್ಲ. ಅಮೆರಿಕದ ನಟ ಪಾಲ್ ನ್ಯೂಮನ್ 1988ರಲ್ಲಿ ಕನೆಕ್ಟಿಕಟ್‌ನಲ್ಲಿ ಕಾಯಿಲೆ ಇರುವ ಮಕ್ಕಳಿಗೆ ಅಂತಲೇ ಒಂದು ಶಿಬಿರ ಶುರು ಮಾಡಿದರು. ಅದೇ ದಾರಿಯಲ್ಲಿ ಫ್ಲಾರಿಡಾದಲ್ಲಿ ಬಂದ ಕ್ಯಾಂಪ್ ಬಾಗಿ ಕ್ರೀಕ್‌ಗೆ ಫಿಟ್ಸ್ ಇರುವ ಮಕ್ಕಳೂ ಹೋಗುತ್ತಾರೆ, ಮನೆಯವರೆಲ್ಲ ಒಟ್ಟಿಗೆ ಬಂದು ಉಳಿಯುವ ವಾರಾಂತ್ಯಗಳೂ ಅಲ್ಲಿವೆ. ಅವರದು ದುಡ್ಡಿರುವ ಜನರ ದೇಣಿಗೆಯಿಂದ ನಡೆಯುತ್ತದೆ. ನಮ್ಮದು ಅಷ್ಟು ಅದ್ದೂರಿ ಆಗಬೇಕಿಲ್ಲ.

ಜಾಗ ಇದೆ. ಏಪ್ರಿಲ್ ಮೇ ತಿಂಗಳಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ರಜೆಯಲ್ಲಿ ಖಾಲಿ ಇರುತ್ತವೆ. ಮಲಗಲು ಕೋಣೆ, ಅಡುಗೆಮನೆ, ಅಡುಗೆಯವರು, ಆಟದ ಬಯಲು ಎಲ್ಲ ಇದೆ. ಮಕ್ಕಳ ಪಟ್ಟಿ ಇದೆ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನೋಡಬೇಕಾದ ಕಾಯಿಲೆಗಳಲ್ಲಿ ಫಿಟ್ಸ್ ಕೂಡ ಸೇರಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಆಪ್ತಸಮಾಲೋಚಕರು ಇದ್ದಾರೆ. ಆ ಕಾರ್ಯಕ್ರಮವೇ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯಿಂದ ದೇಶಕ್ಕೆಲ್ಲ ಹರಡಿದ್ದು. ಇದನ್ನೂ ನಾವು ಮಾಡಿ ತೋರಿಸಬಹುದು, ಅಲ್ವಾ?

ಮಾಡುವುದಾದರೆ ಕೆಲವು ವಿಷಯ ದಯವಿಟ್ಟು ಬರೆದಿಟ್ಟುಕೊಳ್ಳಿ. ಹಾಸ್ಟೆಲಿನ ಎರಡು ಅಂತಸ್ತಿನ ಮಂಚದಲ್ಲಿ ಈ ಮಕ್ಕಳಿಗೆ ಕೆಳಗಿನದೇ ಕೊಡಬೇಕು. ಕೆರೆ ಬಾವಿ ಪಕ್ಕದ ಜಾಗ ಬೇಡ. ರಾತ್ರಿ 9 ಗಂಟೆಗೆ ದೀಪ ಆರಿಸಬೇಕು, ಏಕೆಂದರೆ ನಿದ್ದೆ ಕೆಟ್ಟರೆ ಫಿಟ್ಸ್ ಬರುತ್ತದೆ, ಎಷ್ಟೇ ಚಂದದ ಸಾಂಸ್ಕೃತಿಕ ಕಾರ್ಯಕ್ರಮ ಇದ್ದರೂ ಸಂಜೆಯೇ ಮುಗಿಸಿ. ಪ್ರತಿ ಮಗುವಿನ ಮಾತ್ರೆಯ ಹೆಸರು, ಪ್ರಮಾಣ, ಹೊತ್ತು ಬಾಗಿಲ ಹತ್ತಿರದ ಒಂದು ಪುಸ್ತಕದಲ್ಲಿ ಇರಬೇಕು. ಡಾಕ್ಟರ್ ಮತ್ತು ನರ್ಸ್ ರಾತ್ರಿ ಅಲ್ಲೇ ಇರಬೇಕು, ಆಂಬುಲೆನ್ಸ್ ಕೂಡ. ತಂದೆ ಬಂದರೆ ಎರಡು ದಿನದ ಕೂಲಿ ಕೊಡಿ, ಇಲ್ಲದಿದ್ದರೆ ಮತ್ತೆ ಅಮ್ಮಂದಿರೇ ಬರುತ್ತಾರೆ. ವೇದಿಕೆ, ಹಾರ, ಶಾಲು, ಉದ್ಘಾಟನೆಯ ಭಾಷಣ ಇವು ಬೇಡ ಸಾರ್. ಮಕ್ಕಳ ಮುಖದ ಫೋಟೋ ಪೇಪರಿನಲ್ಲಿ ಹಾಕಿಸಬೇಡಿ. ಆಶಾ ಕಾರ್ಯಕರ್ತೆಯರನ್ನು, ಆ ಮಕ್ಕಳ ಶಾಲೆಯಿಂದ ಒಬ್ಬೊಬ್ಬ ಟೀಚರನ್ನು ಕರೆಯುವುದನ್ನು ಮಾತ್ರ ಮರೆಯಬೇಡಿ, ಊರಿಗೆ ವಾಪಸ್ ಹೋದ ಮೇಲೆ ನಮಗೆ ಬೇಕಾಗುವವರು ಅವರೇ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಒಪ್ಪಿದ ಹತ್ತು ವರ್ಷದ ಯೋಜನೆಯಲ್ಲಿ ಮೂರ್ಛೆ ರೋಗ ಇರುವವರ ಜೊತೆ ಅವರನ್ನು ನೋಡಿಕೊಳ್ಳುವವರ ಹೆಸರೂ ಇದೆ. ನವೆಂಬರ್ 17 ರಾಷ್ಟ್ರೀಯ ಮೂರ್ಛೆ ರೋಗ ದಿನ. ಪ್ರತಿ ವರ್ಷ ಜಾಥಾ, ಬ್ಯಾನರ್ ಇರುತ್ತದೆ. ಈ ಸಲ ಅವತ್ತು ಒಂದು ಆದೇಶ ಹೊರಡಿಸಿ. 31 ಜಿಲ್ಲೆಯಲ್ಲೂ ಒಂದೇ ಸಲ ಆಗದಿದ್ದರೆ ಮೂರು ಜಿಲ್ಲೆಯಲ್ಲಿ ಶುರು ಮಾಡಿ, ಜಾಗದ ಹೆಸರು, ತಾರೀಖು, ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಪಿಎಚ್‌ಸಿ ಬಾಗಿಲಿಗೆ ಅಂಟಿಸಿ. ತುಮಕೂರು ಜಿಲ್ಲೆಯನ್ನು ಮೊದಲು ತಗೊಂಡರೆ ಅಡುಗೆಗೆ, ಮಕ್ಕಳನ್ನು ನೋಡಿಕೊಳ್ಳಲು, ಬೇರೆ ಮನೆಗಳಿಗೆ ಹೋಗಿ ಕರೆದು ಬರಲು ನಾವು ಒಂದಷ್ಟು ಅಮ್ಮಂದಿರು ತಯಾರಿದ್ದೇವೆ.

ಇಂತಿ,
ಫಿಟ್ಸ್ ಇರುವ ಮಗುವಿನ ತಾಯಿ, ತಿಪಟೂರು